ಅವ್ವನ ಹೆಬ್ಬೆಟ್ಟು

ಹುಣಸೂರು
ಭಾನುವಾರ

ಅಣ್ಣ ಮಹೇಂದ್ರನಿಗೆ,

ಭೇರ್ಯದಿಂದ ನೀನು ಕಳಿಸಿದ ಬೆಳ್ಳಿಯ ಪದಕ ತಲುಪಿತು. ಅವ್ವನನ್ನು ಸ್ಮಶಾನಕ್ಕೆ ಒಯ್ಯುವ ಮೊದಲು ನೀನು ತೆಗೆದುಕೊಂಡ ಹೆಬ್ಬೆಟ್ಟಿನ ಗುರುತು ಅದರಲ್ಲಿ ಗೆರೆಗೆರೆಯಾಗಿ ಮೂಡಿದೆ. ಕೆಲಸ ಅಚ್ಚುಕಟ್ಟಾಗಿದೆ.

ಅಪ್ಪ ತೀರಿಕೊಂಡ ವರ್ಷ ದೊಡ್ಡಪ್ಪ ಇದೇ ಹೆಬ್ಬೆಟ್ಟು ಒತ್ತಿಸಿಕೊಂಡು ನಾಲೆ ಪಕ್ಕದ ಗದ್ದೆ ಬರೆಸಿಕೊಂಡರು. ಆಮೇಲೆ ಅವ್ವ ನನ್ನ ಸ್ಲೇಟಿನಲ್ಲಿ ಸಹಿ ಕಲಿತಳು. “ಇನ್ಮ್ಯಾಕೆ ಯಾರ್ ಕೇಳಿದ್ರೂ ಹೆಬ್ಬೆಟ್ ಒತ್ತಾಕಿಲ್ಲ ಕಣವ್ವ” ಎಂದಿದ್ದಳು. ಮಹಿಳಾ ಸಂಘದಲ್ಲಿ ಸಾಲಿನಲ್ಲಿ ಹಿಂದೆ ನಿಂತವರು ಕಾಯುತ್ತ ಗೊಣಗಿದರೂ ‘ರುಕ್ಮಿಣಮ್ಮ’ ಎಂದು ಪೂರ್ತಿ ಬರೆದೇ ಪೆನ್ನು ಬಿಡುತ್ತಿದ್ದಳು.

ಅವಳು ಬೇಡವೆನ್ನಲಾಗದ ದಿನ ನೋಡಿ ನೀನು ಒತ್ತಿಸಿಕೊಂಡೆ.

ಪದಕವನ್ನು ವಾಪಸು ಕಳಿಸುತ್ತಿದ್ದೇನೆ, ಕರಗಿಸಿಬಿಡು. ಬದುಕಿದ್ದಾಗ ಕೇಳಿದ್ದರೆ ಅವಳು ನಿನಗೆ ಸಹಿ ಹಾಕಿಕೊಡುತ್ತಿದ್ದಳು.

ನಿನ್ನ ತಂಗಿ,
ಸೌಂದರ್ಯ