ಊದುಗೊಳವಿ ಪದ

ಬೆಟಗೇರಿ
ತಾ. 20-11-2024, ಬುಧವಾರ

ನನ್ನ ಪ್ರೀತಿಯ ಮುತ್ತಕ್ಕನಿಗೆ ತಮ್ಮ ಕೊಟ್ರಪ್ಪನ ನಮಸ್ಕಾರ.

ಸೊಂಟ ಹೇಗಿದೆ ಅಕ್ಕಾ? ಇಚಲಕರಂಜಿಯ ಡಾಕ್ಟರು ಹಾಕಿದ ರಾಡು ಒಳಗೆ ಹೊಂದಿಕೊಂಡಿತೋ, ಇಲ್ಲಾ ಹೊಸ ಸೊಸೆಯ ಹಾಗೆ ಇನ್ನೂ ಮುನಿಸಿಕೊಂಡೇ ಇದೆಯೋ? ಗೋಡೆ ಹಿಡಿದು ಬಚ್ಚಲತನಕ ಹೋಗುತ್ತೀ ಅಂತ ಮಾಮಾ ಹೇಳಿದರು. ಒಬ್ಬಳೇ ಹೋಗಬೇಡ, ಮಾಮಾನ ಹೆಗಲು ಹಿಡಿ. ಇಷ್ಟು ವರ್ಷ ನಿನ್ನ ಕೈಯ ರೊಟ್ಟಿ ತಿಂದ ಹೆಗಲು ಅದು, ಸ್ವಲ್ಪ ದುಡಿಯಲಿ. ಇಲ್ಲಿ ನನ್ನ ಮನೆಯಾಕೆ ಮಂಜುಳಾ ಆರಾಮ ಇದ್ದಾಳೆ. ನನ್ನ ಗಿರಮಿಟ್ ಗಾಡಿ ನಡೆದಿದೆ. ಖರೆ ಹೇಳಬೇಕೆಂದರೆ ಈ ನಾಲ್ಕು ದಿನ ಅತಿಯಾಗಿ ನಡೆದಿದೆ, ಯಾಕೆ ಅಂತ ಮುಂದೆ ಬರೆಯುತ್ತೇನೆ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ಪತ್ರ ಬರೆಯುವ ಹೊತ್ತು ಯಾಕೆ ಬಂತು ಅಂತ ನೀನು ಕೇಳುತ್ತೀ. ರವಿವಾರದಿಂದ ನೀನು ಆರು ಸಲ ಫೋನು ಮಾಡಿದೆ. ನಾನು ಎತ್ತಲಿಲ್ಲ. ಎತ್ತಿದ್ದರೆ ಎರಡನೇ ಮಾತಿಗೇ ಏನಾದರೂ ಮಸ್ಕಿರಿ ಮಾಡುತ್ತಿದ್ದೆ, ನೀನು ನಗುತ್ತಿದ್ದೆ, ವಿಷಯ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಕಾಗದ ನಗುವುದಿಲ್ಲ. ಅದಕ್ಕೇ ಇದರ ಮುಂದೆ ಕೂತಿದ್ದೇನೆ.

ಎರಡು ತಿಂಗಳ ಹಿಂದೆ ನಮ್ಮ ಓಣಿಯ ಸಕ್ರಪ್ಪ, ಖಾಸಿಂಸಾಬರ ಅಭಿಮಾನಿ ಬಳಗಕ್ಕೆ ತನ್ನನ್ನು ತಾನೇ ಅಧ್ಯಕ್ಷ ಮಾಡಿಕೊಂಡವನು, ನನ್ನ ಗಾಡಿಯ ಬೆನ್ನಿಗೆ ಪೋಸ್ಟರ್ ಹಚ್ಚಿದ ದಿನವೇ ನಿನಗೆ ಸುದ್ದಿ ಹೇಳಿದ್ದೆನಲ್ಲ. ಲಕ್ಷ್ಮೇಶ್ವರದ ಖಾಸಿಂಸಾಬರು ಬೆಟಗೇರಿಗೆ ಬರುತ್ತಾರೆ, ಶಿರಹಟ್ಟಿಯಲ್ಲಿ ಹಾಡಿ ಆರು ವರ್ಷ ಆದಮೇಲೆ ಮತ್ತೆ ವೇದಿಕೆ ಹತ್ತುತ್ತಾರೆ ಅಂತ. ಎಂಬತ್ತೆರಡು ವಯಸ್ಸು. ಪೋಸ್ಟರಿನ ಫೋಟೋದಲ್ಲಿ ಮಾತ್ರ ಮೀಸೆ ಇನ್ನೂ ಕಪ್ಪು. ಗಿರಮಿಟ್ ತಿನ್ನುವವರೆಲ್ಲ ಆ ಫೋಟೋ ನೋಡಿಕೊಂಡು ಯಾವ ತತ್ವಪದ ಮೊದಲು ಹಾಡಿಸಬೇಕು ಅಂತ ಜಗಳಾಡುತ್ತಿದ್ದರು. ನೀನು ಅವತ್ತು ಫೋನಿನಲ್ಲಿ ಅಂದೆ, “ನನಗ ಬರಾಕ ಆಗೂದಿಲ್ಲೋ ಕೊಟ್ರ್ಯಾ. ಊದುಗೊಳವಿ ಪದ ಒಂದ ಹಾಡಸು. ಫೋನಿನ್ಯಾಗ ತುಂಬಿ ಕಳಸು. ಮತ್ತೇನೂ ಬ್ಯಾಡ ನನಗ.”

ನಾನು ಮರೆತಿರಲಿಲ್ಲ ಅಕ್ಕಾ. ಅವ್ವ ತೀರಿಕೊಂಡು, ಅವಳನ್ನು ಕಟ್ಟೆಯ ಮೇಲೆ ಕೂಡಿಸಿದ್ದ ದಿನ, ಅಪ್ಪನ ಭಜನೆಯ ಗೆಳೆಯ ಅಂತ ಖಾಸಿಂಸಾಬರು ಮೊದಲ ಬಸ್ಸಿಗೆ ಬಂದು, ಹಾರ್ಮೋನಿಯಂ ಪೆಟ್ಟಿಗೆ ಇಲ್ಲದೆ, ತಾಳ ಇಲ್ಲದೆ, ತೊಡೆ ತಟ್ಟಿಕೊಂಡು ಹಾಡಿದ ಪದ ಅದು. ಹಸಿ ಕಟ್ಟಿಗೆಯ ಒಲೆ, ಊದಿ ಊದಿ ಕಣ್ಣು ಕೆಂಪಾದ ಹೆಣ್ಣುಮಗಳು, ಕೊನೆಗೆ ಅವಳ ಉಸಿರೆಲ್ಲ ಒಲೆಗೆ ಹೋಗಿ ಕೈಯಲ್ಲಿ ಬರೀ ಊದುಗೊಳವಿ ಉಳಿಯುತ್ತದೆ. ಅಲ್ಲಿಯತನಕ ಕಲ್ಲಿನ ಹಾಗೆ ಕೂತಿದ್ದ ನೀನು ಅತ್ತದ್ದು ಆ ಪದಕ್ಕೇ. ಯಾವ ಕ್ಯಾಸೆಟ್ಟಿನಲ್ಲೂ ಅದು ಇಲ್ಲ.

ರವಿವಾರ ಮಧ್ಯಾಹ್ನ ಎರಡೂವರೆಗೆ ಕಾರ್ಯಕ್ರಮ. ಕಲ್ಯಾಣ ಮಂಟಪ ನಮಗೆ ಆರರತನಕ ಮಾತ್ರ, ಆರಕ್ಕೆ ಬೇರೆ ಯಾರದೋ ಮದುವೆಯ ರಿಸೆಪ್ಶನ್. ಒಂದೂವರೆಗೇ ಜನ ತುಂಬಿದ್ದರು. ಅಸುಂಡಿಯವರು, ಹಿರೇಹಂದಿಗೋಳದವರು ಟೆಂಪೋ ಮಾಡಿಕೊಂಡು ಬಂದಿದ್ದರು. ಹರ್ತಿಯ ನೀಲಗಂಗವ್ವ ಅನ್ನುವ ಮುದುಕಿ ರೊಟ್ಟಿ ಗಂಟು ಕಟ್ಟಿಕೊಂಡು ಮೊದಲನೇ ಸಾಲಿನಲ್ಲಿ ಕೂತಿದ್ದಳು. ಖಾಸಿಂಸಾಬರು ಎರಡು ಗಂಟೆಗೇ ಬಂದು ಪರದೆಯ ಹಿಂದೆ ಕೂತರು. ಮಗ ನಿಜಾಮುದ್ದೀನ ಪೆಟ್ಟಿಗೆ ಬಾರಿಸುವವನು. ನಾನು ಬಿಸಿನೀರು ಕೊಟ್ಟು, ಕಾಲು ಮುಟ್ಟಿ, ನಿನ್ನ ಮಾತು ಹೇಳಿದೆ. ನನ್ನ ಮುಖವನ್ನೇ ನೋಡಿ ಅಂದರು, “ಅಳಲಾರದ ಕುಂತಿದ್ಲಲ್ಲ, ಆ ಹುಡಿಗಿ ತಮ್ಮ ಏನ್ ನೀನು? ಅದನ್ನ ಮೊದಲ ಹಾಡತೀನಿ ತಮ್ಮಾ. ಒಂದ ಪದಕ್ಕ ಆಗೂವಷ್ಟ ದಮ್ಮು ತಗದಿಟ್ಕೊಂಡ ಬಂದೀನಿ. ಆಮ್ಯಾಲಿಂದು ದೇವರಿಗೆ ಬಿಟ್ಟದ್ದು.” ಒಂದು ಅಕ್ಷರವೂ ತಪ್ಪಬಾರದು ಅಂತ ನಾನು ಆಗಲೇ ಫೋನಿನಲ್ಲಿ ರೆಕಾರ್ಡ್ ಒತ್ತಿ, ಪರದೆಯ ಒಳಗೆ, ಅವರ ಮೊಣಕಾಲಿನ ಹತ್ತಿರ ಇಟ್ಟೆ.

ಎರಡೂವರೆ ಆಯಿತು. ಉದ್ಘಾಟನೆಯ ದೊಡ್ಡ ಮನುಷ್ಯರು ಬಂದಿಲ್ಲ. ಅವರು ಬಾರದೆ ಹಾಡು ಶುರು ಮಾಡಿದರೆ ಅವಮಾನವಂತೆ. ಸಕ್ರಪ್ಪ ಮೈಕು ತಂದು ನನ್ನ ಕೈಗೆ ಕೊಟ್ಟ. “ಕೊಟ್ರ್ಯಾ, ಹತ್ತ ನಿಮಿಷ ನಗಸಲೇ. ಗಾಡಿ ಮುಂದ ದಿನಾ ಬಡಕೋತೀಯಲ್ಲ, ಅದನ್ನ ಇಲ್ಲಿ ಬಡಕೋ.” ನಾನು ಪರದೆಯ ಮುಂದೆ ನಿಂತೆ.

ಅಕ್ಕಾ, ನನ್ನ ಮಾತಿಗೆ ಇಲ್ಲಿಯತನಕ ನಕ್ಕವರು ಅಂದರೆ ಒಂದು ಸಲಕ್ಕೆ ಹತ್ತು ಜನ, ಅವರ ಬಾಯಲ್ಲೂ ಚುರುಮುರಿ. ಅಲ್ಲಿ ಐದುನೂರು ಜನ ಒಮ್ಮೆಗೇ ನಕ್ಕರು. ಮೈಯೆಲ್ಲ ಬೆಚ್ಚಗಾಯಿತು. ಹತ್ತು ನಿಮಿಷ ಇಪ್ಪತ್ತಾಯಿತು. ನಿಜಾಮುದ್ದೀನ ಪರದೆ ಸರಿಸಿ ಮೆಲ್ಲಗೆ ಅಂದ, “ಕೊಟ್ರಪ್ಪಣ್ಣ, ಅಬ್ಬಾಗ ಭಾಳೊತ್ತ ಕುಂಡ್ರಾಕ ಆಗೂದಿಲ್ರಿ. ಯಾರ ಬರ್ಲಿ ಬಿಡ್ಲಿ, ನಾವು ಶುರು ಮಾಡತೀವ್ರಿ.” ಆಗ ನಾನು ಸರಿದು ನಿಂತಿದ್ದರೆ ಮುಗಿದಿತ್ತು. ಜನರ ಎದುರು ಯಾರೂ ನಿಜಾಮುದ್ದೀನನನ್ನು ತಡೆಯುತ್ತಿರಲಿಲ್ಲ. ನಾನು ಮೈಕಿನಲ್ಲಿ ಅಂದೆ, “ನೋಡ್ರೆಪಾ, ತಿಂದದ್ದು ಸಾಕು ಏಳಂತ ಒಳಗಿಂದ ನನಗ ಬಿಲ್ಲ ತೋರಸಾಕತ್ತಾರ.” ಐದುನೂರು ಜನ ಮತ್ತೆ ನಕ್ಕರು. ಅವನ ಮುಖ ಪರದೆಯೊಳಗೆ ಹೋಯಿತು. ನಾನು ಮುಂದುವರಿಸಿದೆ. ಒಟ್ಟು ಒಂದು ತಾಸು ಹತ್ತು ನಿಮಿಷ.

ಮುಂದೆ ಆದದ್ದು ಎಲ್ಲ ಕಡೆ ಆಗುವಂಥದ್ದೇ. ದೊಡ್ಡ ಮನುಷ್ಯರು ಬಂದರು, ದೀಪ ಹಚ್ಚಿದರು, ಆರು ಜನ ಭಾಷಣ ಮಾಡಿದರು. ಇಂಥ ಹಿರಿಯರನ್ನು ಉಳಿಸಿಕೊಳ್ಳಬೇಕು ಅಂತ ಒಬ್ಬರು ಮುಕ್ಕಾಲು ತಾಸು ಹೇಳಿ, ಕೆಳಗಿಳಿದು, ಕಾರು ಹತ್ತಿ ಹೋದರು. ಖಾಸಿಂಸಾಬರ ಮೈಮೇಲೆ ಹನ್ನೊಂದು ಶಾಲು ಬಿದ್ದವು. ಸೆಕೆ, ಮೇಲೆ ಪೇಟ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಕೊನೆಗೆ ಹಾರ್ಮೋನಿಯಂ ಮುಂದೆ ಬಂದಾಗ ಆರಕ್ಕೆ ಹದಿನೈದು ನಿಮಿಷ. ನಿಜಾಮುದ್ದೀನ ಸ್ವರ ಹಿಡಿದ. ಅಷ್ಟರಲ್ಲಿ ಮದುವೆಯವರು ಮದುಮಕ್ಕಳ ಹೆಸರಿನ ಥರ್ಮೋಕೋಲ್ ಅಕ್ಷರ ಹೊತ್ತುಕೊಂಡು ವೇದಿಕೆ ಹತ್ತಿದರು. ಜನ ಒದರಾಡಿದರು. ಖಾಸಿಂಸಾಬರೇ ಎದ್ದು ನಿಂತರು. “ಮದವಿ ಮಂದಿ ಕೂಡ ತಕರಾರ ಬ್ಯಾಡ್ರೆಪಾ, ಅವರದು ಒಂದ ದಿನದ ಸುಖ,” ಅಂದರು. ಇಳಿಯುವಾಗ ನನ್ನ ಹೆಗಲು ಹಿಡಿದರು. “ಭಾಳ ಚಂದ ನಗಿಸಿದಿ ತಮ್ಮಾ. ನಾನೂ ಒಳಗ ಒಂದೆರಡ ಸಲ ನಕ್ಕೆ.” ಬೈದಿದ್ದರೆ ನಾನು ರಾತ್ರಿ ಉಣ್ಣುತ್ತಿದ್ದೆ.

ಬೈದವಳು ಹರ್ತಿಯ ಮುದುಕಿ ಒಬ್ಬಳೇ. “ನಿನ್ನ ಬಾಯಿ ಕೇಳಾಕ ಹರ್ತಿಯಿಂದ ಬರಬೇಕಾಗಿತ್ತೇನೋ ಭಾಡ್ಯಾ? ಗಿರಮಿಟ್ ಗಾಡಿ ಮುಂದ ನಿಂತ್ರ ಪುಗಸಟ್ಟಿ ಕೇಳಸ್ತಿತ್ತು,” ಅಂತ ರೊಟ್ಟಿ ಗಂಟು ಬಿಚ್ಚದೇ ಎತ್ತಿಕೊಂಡು ಹೋದಳು.

ಸೋಮವಾರ ನಾನು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಮನೆಯಲ್ಲೇ ಆ ಒಂದು ಪದ ಅನ್ನಿರಿ ಅಂತ ಕೇಳಿದೆ. ಚಹಾ ಕೊಡಿಸಿದರು, ನಿನ್ನ ಸೊಂಟದ ಬಗ್ಗೆ ವಿಚಾರಿಸಿದರು. ಪದದ ಮಾತಿಗೆ ಬಂದಾಗ ಎದೆಯ ಮೇಲೆ ಕೈಯಿಟ್ಟು, “ಆ ದಿನಕ್ಕಂತ ತಗದಿಟ್ಟಿದ್ದ ದಮ್ಮು ಆ ದಿನಾನ ಖರ್ಚಾತು,” ಅಂದರು. ಇನ್ನು ಅಬ್ಬಾ ವೇದಿಕೆ ಹತ್ತುವುದಿಲ್ಲ ಅಂತ ನಿಜಾಮುದ್ದೀನ ಬಾಗಿಲ ತನಕ ಬಂದು ಹೇಳಿದ. ನನ್ನ ಮುಖ ನೋಡಿ ಹೇಳಲಿಲ್ಲ.

ಗಾಡಿ ಯಾಕೆ ಅತಿಯಾಗಿ ನಡೆದಿದೆ ಅಂದರೆ, ಅವತ್ತು ಹೇಳಿದ ಮಾತುಗಳನ್ನೇ ಇನ್ನೊಮ್ಮೆ ಹೇಳು ಅಂತ ಜನ ಬರುತ್ತಾರೆ. ಮುಂಡರಗಿಯಲ್ಲಿ ಮುಂದಿನ ತಿಂಗಳು ಮತ್ತೊಬ್ಬ ಹಿರಿಯರ ಗಾಯನ ಇದೆಯಂತೆ, ಅಲ್ಲಿಯೂ ನಗಿಸಲು ಸಕ್ರಪ್ಪ ನನ್ನ ಹೆಸರು ಕೊಟ್ಟು ಬಂದಿದ್ದಾನೆ. ನಾನು ಬರುವುದಿಲ್ಲ ಅಂದೆ. ಅದನ್ನೂ ಮಸ್ಕಿರಿ ಅಂತ ತಿಳಿದು ನಕ್ಕ.

ಮಾಮಾನಿಗೆ ಶರಣು ಹೇಳು. ಗುಳಿಗೆ ತಪ್ಪಿಸಬೇಡ. ಮಂಜುಳಾ ನಿನಗೆ ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ನಿನ್ನ ತಮ್ಮ
ಕೊಟ್ರಪ್ಪ

ತಾ.ಕ.: ಲಕೋಟೆಯೊಳಗೆ ಕಾಗದದಲ್ಲಿ ಸುತ್ತಿ ಫೋನಿನ ಮೆಮೊರಿ ಕಾರ್ಡ್ ಇಟ್ಟಿದ್ದೇನೆ. ಅವತ್ತಿನ ರೆಕಾರ್ಡ್ ಅದರಲ್ಲಿದೆ. ನಾನು ಪೂರಾ ಕೇಳಿದ್ದು ನಿನ್ನೆ. ಒಂದು ತಾಸು ಇಪ್ಪತ್ತನೇ ನಿಮಿಷಕ್ಕೆ ಹಾಕಿ ಕಿವಿಗೆ ಹಚ್ಚಿಕೋ. ಪರದೆಯ ಹಿಂದೆ ಕಾದು ಕಾದು, ಪೆಟ್ಟಿಗೆ ಇಲ್ಲದೆ, ತೊಡೆ ತಟ್ಟಿಕೊಂಡು, ಊದುಗೊಳವಿ ಪದವನ್ನು ಅವರು ಮೊದಲಿನಿಂದ ಕಡೆಯತನಕ ಹಾಡಿದ್ದಾರೆ. ಅದೇ ಹೊತ್ತಿಗೆ ಹೊರಗೆ ಮೈಕಿನಲ್ಲಿ ನಾನು, ನೀನು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದನ್ನು ನಡೆದು ತೋರಿಸುತ್ತಿದ್ದೇನೆ. ಜನ ಎಲ್ಲಕ್ಕಿಂತ ಹೆಚ್ಚು ನಕ್ಕದ್ದು ಅಲ್ಲೇ. ನಕ್ಕು ನಕ್ಕು ಉಸಿರು ತಗೊಳ್ಳಲು ನಾಲ್ಕು ಸಲ ನಿಲ್ಲಿಸುತ್ತಾರೆ. ತೊಡೆಯ ತಾಳ ಉದ್ದಕ್ಕೂ ಕೇಳುತ್ತದೆ, ಆ ನಾಲ್ಕು ಸಂದಿನಲ್ಲಿ ಖಾಸಿಂಸಾಬರ ದನಿ ಇದೆ. ಐದನೇ ಸಲವೂ ಜನ ನಿಲ್ಲಿಸುತ್ತಿದ್ದರು ಅಕ್ಕಾ, ನಾನೇ ಬಿಡಲಿಲ್ಲ.