ಕೊಕ್ಕರೆ ಕತ್ತು ತಿರುಗಿಸಿದ ಮಧ್ಯಾಹ್ನ

ಪ್ರೀತಿಯ ಮಾವನವರಿಗೆ,

ಒಂದೇ ಮನೆಯಲ್ಲಿದ್ದು, ಒಂದೇ ಪಾತ್ರೆಯ ಚಹಾ ಕುಡಿಯುತ್ತಾ, ನಡುಗೋಡೆಯ ಈ ಕಡೆಯಿಂದ ಆ ಕಡೆಗೆ ಕಾಗದ ಬರೆಯುವ ಸೊಸೆ ನಾನೊಬ್ಬಳೇ ಇರಬೇಕು. ನಿನ್ನೆ ಊಟಕ್ಕೆ ಕೂತಾಗ ನೀವು ಕೇಳಿದಿರಿ, "ಕೊಕ್ಕರೆ ರೆಡಿಯಾಯ್ತಮ್ಮ, ಮೇಲೆ ಹೋಗೋಣ್ವಾ?" ಅಂತ. ನಾನು ಮುಖ ತಿರುಗಿಸಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಕಿವಿ ಕೇಳದ ನೀವು ತುಟಿ ನೋಡಿಯೇ ಮಾತು ಓದುವವರು. ನಿಮ್ಮ ಎದುರು ಮುಖ ತಿರುಗಿಸುವುದೆಂದರೆ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕುವುದು. ಈ ಮನೆಗೆ ಬಂದಾಗಿನಿಂದ ನಾನು ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಎದುರು ನಿಂತು ಹೇಳೋಣವೆಂದರೆ, ಈ ವಿಷಯ ಎತ್ತಿದ ಕೂಡಲೇ ನನಗೆ ಅಳು ಬರುತ್ತದೆ. ಅಳುವವರ ತುಟಿಯನ್ನು ಬಟ್ಟೆ ಗಿರಣಿಯ ಗದ್ದಲದಲ್ಲಿ ಪಳಗಿದ ನೀವೂ ಓದಲಾರಿರಿ. ಅದಕ್ಕೇ ಈ ಕಾಗದ. ಅಕ್ಷರ ದಪ್ಪಗೆ, ಸಾಲಿನ ನಡುವೆ ಜಾಗ ಬಿಟ್ಟು ಬರೆಯುತ್ತಿದ್ದೇನೆ. ಕಣ್ಣಿಗೆ ಆಯಾಸ ಮಾಡಿಕೊಳ್ಳದೆ ಓದಿ.

ನನಗೆ ಭಯ, ಮಾವ. ಬೇಸರವಲ್ಲ, ಸಿಟ್ಟಲ್ಲ. ನಿಮ್ಮ ಮಗನ ಹತ್ತಿರ ಸಿಟ್ಟು ಎಂದು ಹೇಳಿಕೊಂಡು ತಿರುಗಿದ್ದೇನೆ, ಏಕೆಂದರೆ ಸಿಟ್ಟಿಗಾದರೆ ಒಂದು ಮರ್ಯಾದೆ ಇದೆ. ನಾನು ಕೆಲಸ ಮಾಡುವ ಬೇಕರಿಯಲ್ಲಿ ಹಿಟ್ಟು ಕಲಸುವ ಯಂತ್ರ ಗುರ್ ಎಂದು ಶುರುವಾದರೆ ಈಗಲೂ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ತಿರುಗಿ ನೋಡುತ್ತೇನೆ. ಜೊತೆಯವರು ನಗುತ್ತಾರೆ.

ಕೊಕ್ಕರೆ ಮನೆಗೆ ಬಂದಾಗ ನಾನೇ ಅಲ್ಲವೇ ಅದಕ್ಕೆ ಹೆಸರಿಟ್ಟದ್ದು? ಕಾಲೇಜಿನವರು ಪ್ರಯೋಗಾಲಯ ಖಾಲಿ ಮಾಡುತ್ತಾ, ಹಳೆಯ ದೂರದರ್ಶಕವನ್ನೂ ಅದನ್ನು ಹೊತ್ತು, ಗ್ರಹದ ಹೆಸರಿನ ಗುಂಡಿ ಒತ್ತಿದರೆ ತಾನೇ ಆ ಕಡೆಗೆ ತಿರುಗಿಸುವ ಮೋಟಾರಿನ ಪೀಠವನ್ನೂ ಹೊರಗೆ ಹಾಕಿದ್ದರು. ನೀವು ಕೈಗಾಡಿಯಲ್ಲಿ ತಳ್ಳಿಕೊಂಡು ತಂದಿರಿ. ಮೂರು ಕಾಲು, ಬಗ್ಗಿದ ಕತ್ತು, ಕತ್ತಿನ ಒಂದು ಕಡೆ ಕೊಳವೆ, ಅದಕ್ಕೆ ಸರಿದೂಗಲು ಇನ್ನೊಂದು ಕಡೆ ಸರಳಿಗೆ ಸಿಕ್ಕಿಸಿದ ಕಬ್ಬಿಣದ ಗುಂಡು. ಮೀನಿಗೆ ಕಾಯುತ್ತಾ ನಿಂತ ಕೊಕ್ಕರೆಯ ಹಾಗಿದೆ ಎಂದೆ, ಹೆಸರು ಅಂಟಿಕೊಂಡಿತು. ಒಳಗಿನ ಹಲ್ಲುಚಕ್ರಗಳು ಒಣಗಿದ ಗ್ರೀಸಿನಲ್ಲಿ ಕಚ್ಚಿಕೊಂಡಿದ್ದವು. ನೀವು ಒಂದೊಂದನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಿರಿ. ಅದು ನಿಮ್ಮ ಮಗನ ಬ್ರಷ್ಷು ಎಂದು ಮರುದಿನ ಬೆಳಿಗ್ಗೆ ಅವರ ಬಾಯಿಗೇ ಗೊತ್ತಾಯಿತು. ಹೊಸ ಗ್ರೀಸು ಹಚ್ಚುವಾಗ ನನಗೆ ಪಾಠ ಹೇಳಿದಿರಿ: "ನಿಮ್ಮ ಬೇಕರಿಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಬಳಿದ ಹಾಗಲ್ಲ. ಒಡೆದ ತುಟಿಗೆ ಮುಲಾಮು ಸವರಿದಷ್ಟು. ಜಾಸ್ತಿ ಆದ್ರೆ ಧೂಳು ಕೂರುತ್ತೆ, ಧೂಳು ಹಲ್ಲು ತಿನ್ನುತ್ತೆ."

ಮಹಡಿಯ ಮೇಲೆ ಅದನ್ನು ನಿಲ್ಲಿಸುವಾಗ ನಿಮ್ಮ ಶಿಸ್ತು ನೋಡಿ ನನಗೆ ಧೈರ್ಯ ಬರುತ್ತಿತ್ತು. ಕಾಲುಗಳು ಕಲ್ಲಿನ ನೆಲದ ಮೇಲೇ ಇರಬೇಕು, ಡಾಂಬರು ಬಳಿದ ಕಡೆ ಬಿಸಿಲಿಗೆ ಹೂತುಕೊಳ್ಳುತ್ತವೆ. ಮೊದಲು ಗುಂಡು, ಆಮೇಲೆ ಕೊಳವೆ. ಬಿಚ್ಚುವಾಗ ತಿರುಗುಮುರುಗು, ಇಲ್ಲದಿದ್ದರೆ ಇಡೀ ಕೊಕ್ಕರೆ ಒಂದೇ ಕಡೆಗೆ ಮಗುಚುತ್ತದೆ. ಸರಳಿನ ತುದಿಯ ತಿರುಪು ಹಾಕದೆ ಗುಂಡಿನಿಂದ ಕೈ ತೆಗೆಯಬಾರದು, ಜಾರಿದರೆ ಕಾಲ್ಬೆರಳು ಹೋದ ಹಾಗೇ. ಬಿಗಿ ಸಡಿಲಿಸಿ ನೋಡಿದಾಗ ತಕ್ಕಡಿಯಂತೆ ಅಲುಗದೆ ನಿಂತರೆ ಮಾತ್ರ ಮೋಟಾರಿಗೆ ಕರೆಂಟು. ವೈರನ್ನು ಸಡಿಲ ಬಿಡಬೇಕು, ಕತ್ತು ತಿರುಗುವಾಗ ಸುತ್ತಿಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಹಗಲಲ್ಲಿ ನೋಡುವುದಿದ್ದರೆ ಮೆಟ್ಟಿಲುಮನೆಯ ಗೋಡೆಯ ನೆರಳಿನಲ್ಲೇ ನಿಲ್ಲಿಸಬೇಕು. ಕೊಳವೆ ಎತ್ತ ತಿರುಗಿದರೂ ಸೂರ್ಯ ಅದರ ಬಾಯಿಗೆ ಸಿಗಬಾರದು. "ಸೂರ್ಯ ಇದರೊಳಗೆ ಬಂದ್ರೆ ರೆಪ್ಪೆ ಹಾಕೋಕೂ ಪುರುಸೊತ್ತು ಕೊಡಲ್ಲ" ಎಂದಿದ್ದು ನೀವೇ. ಎಡಗಣ್ಣನ್ನು ಮಗ್ಗದ ಲಾಳಿಗೆ, ಎರಡೂ ಕಿವಿಯನ್ನು ಮಗ್ಗದ ಸದ್ದಿಗೆ ಕೊಟ್ಟು ನಿವೃತ್ತರಾದವರು ನೀವು. ಉಳಿದ ಒಂದು ಕಣ್ಣಿನ ಬೆಲೆ ನಿಮಗೆ ನಾನು ಹೇಳಿಕೊಡಬೇಕೇ?

ನನ್ನ ಕೆಲಸ ಕೇಳುವುದು. ಮೋಟಾರು ನಿಧಾನಕ್ಕೆ ಹೋಗುವಾಗ ಜೀರುಂಡೆಯ ಸದ್ದು, ಜೋರಾಗಿ ತಿರುಗುವಾಗ ಕಾಫಿಪುಡಿ ಮಾಡುವ ಯಂತ್ರದ ಸದ್ದು. ತಿರುಗಲು ಶುರುವಾದರೆ ನಿಮ್ಮ ಹೆಗಲು ತಟ್ಟಬೇಕು, ನಿಂತರೆ ಬೆನ್ನು ಸವರಬೇಕು. ಕಣ್ಣು ಕೊಳವೆಗೆ ಕೊಟ್ಟ ಮೇಲೆ ನಿಮಗೆ ಬೇರೆ ಲೋಕವಿಲ್ಲ. "ನೀನು ನನ್ನ ಕಿವಿ ಕಣಮ್ಮ" ಎಂದು ಇಡೀ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದಿರಿ. ಕೆಳಗಿನ ಮನೆಯ ದರ್ಜಿಯ ಹೆಂಡತಿ ನನ್ನನ್ನು 'ಕಿವಿ' ಎಂದೇ ಕರೆಯುತ್ತಾಳೆ.

ಆ ಮಧ್ಯಾಹ್ನದ ಮಾತಿಗೆ ಬರುತ್ತೇನೆ. ಬರಲೇಬೇಕು.

ಹಗಲಲ್ಲೇ ಶುಕ್ರ ನೋಡಬೇಕು ಎಂದು ನಿಮಗೆ ಹಟ ಹಿಡಿದಿತ್ತು. ಗೋಡೆಯ ನೆರಳಿನಲ್ಲಿ ನಿಂತರೆ ಶುಕ್ರನೂ ಗೋಡೆಯ ಹಿಂದೆಯೇ ಉಳಿಯುತ್ತಿದ್ದ. ಹಾಗಾಗಿ ನೀವು ಕೊಕ್ಕರೆಯನ್ನು ಬಿಸಿಲಿಗೆ ಎಳೆದಿರಿ. ಬೇಡ ಮಾವ ಎಂದೆ. ನೀವು ನನ್ನ ತುಟಿ ಓದಿದಿರಿ, ಓದಿ ನಕ್ಕಿರಿ. "ಐದೇ ನಿಮಿಷ. ಹಗಲಲ್ಲಿ ನಕ್ಷತ್ರ ಕಾಣಿಸ್ತೀನಿ ಅಂತ ಎಲ್ಲರೂ ಹೆದರಿಸ್ತಾರೆ, ನಾನು ನಿಜವಾಗ್ಲೂ ಕಾಣಿಸ್ತೀನಿ ನೋಡು." ಯಂತ್ರ ಶುಕ್ರನ ಕಡೆಗೆ ತಿರುಗಿ ನಿಂತಿತು, ನಾನು ನಿಮ್ಮ ಬೆನ್ನು ಸವರಿದೆ. ಆಗ ಗಾಳಿ ಎದ್ದಿತು. ತಂತಿಯ ಮೇಲಿನ ಹಾಸಿಗೆ ಬಟ್ಟೆಗಳು ಹಾರಾಡತೊಡಗಿದವು. ನೀವೇ ಕೈಮಾಡಿ, ಹೋಗು, ತೆಗಿ ಎಂದಿರಿ.

ನಾನು ಮಹಡಿಯ ಆ ತುದಿಯಲ್ಲಿದ್ದೆ. ಒಂದು ಬಟ್ಟೆ ಇನ್ನೂ ಒದ್ದೆಯಿತ್ತು, ಅದನ್ನು ಕೈಯಲ್ಲಿ ಹಿಡಿದು, ತೆಗೆಯುವುದೋ ಬಿಡುವುದೋ ಎಂದು ಯೋಚಿಸುತ್ತಿದ್ದೆ. ಮೆಟ್ಟಿಲುಮನೆಯ ಪ್ಲಗ್ಗು ಸಡಿಲವಾಗಿ ಕರೆಂಟು ಹೋಗಿ ಬಂದದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ನಿದ್ದೆಯಿಂದ ಎದ್ದವರ ಹಾಗೆ ಯಂತ್ರಕ್ಕೆ ತಾನು ಎತ್ತ ಮುಖ ಮಾಡಿದ್ದೇನೆ ಎಂಬುದೇ ಮರೆತುಹೋಗಿತ್ತು. ನೋಟದಿಂದ ಶುಕ್ರ ಜಾರಿದ್ದು ಕಂಡು ನೀವು ಕಣ್ಣು ತೆಗೆಯದೆಯೇ, ಬೆರಳಲ್ಲೇ ತಡವಿ, ಮತ್ತೆ ಶುಕ್ರನ ಗುಂಡಿ ಒತ್ತಿದಿರಿ.

ಕಾಫಿಪುಡಿ ಯಂತ್ರದ ಸದ್ದು ಕೇಳಿತು. ತಿರುಗಿ ನೋಡಿದರೆ ಕೊಳವೆ ಸೂರ್ಯನ ಕಡೆಗೆ ಹೊರಟಿದೆ. ನೀವು ಅದರ ಜೊತೆ ಜೊತೆಗೇ ಹೆಜ್ಜೆ ಸರಿಸುತ್ತಾ, ಮಗುವಿನ ಕೈ ಹಿಡಿದು ನಡೆಯುವ ತಾತನ ಹಾಗೆ, ಕಣ್ಣು ಕೊಟ್ಟೇ ಹೋಗುತ್ತಿದ್ದೀರಿ. ನಾನು ಕೂಗಿದೆ. ಕೂಗಿದರೆ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಕೂಗಿದೆ. ಎದುರು ಮನೆಯ ಕಿಟಕಿಗಳು ತೆರೆದವು, ನೀವು ಮಾತ್ರ ಕಣ್ಣು ತೆಗೆಯಲಿಲ್ಲ. ಓಡುತ್ತಾ ನನಗೆ ಕಂಡದ್ದು ನಿಮ್ಮ ಕೆನ್ನೆಯ ಮೇಲೆ ಕೊಳವೆಯ ನೆರಳು ಕುಗ್ಗುತ್ತಾ ಬರುತ್ತಿದ್ದದ್ದು. ಕೊಳವೆ ಸೂರ್ಯನಿಗೆ ನೇರವಾದಷ್ಟೂ ಅದರ ನೆರಳು ಸಣ್ಣದಾಗುತ್ತದೆ ಎಂದು ನೀವೇ ಹೇಳಿಕೊಟ್ಟಿದ್ದಿರಿ. ವೈರು ಕಿತ್ತರೆ ಅದು ಇದ್ದಲ್ಲೇ ನಿಲ್ಲುತ್ತದೆ, ಸೂರ್ಯನ ಮೇಲೇ ನಿಂತರೆ ಏನು ಗತಿ? ನಿಮ್ಮನ್ನು ಎಳೆದರೆ ಇಬ್ಬರೂ ಕೈಪಿಡಿಗೋಡೆಯ ಮೇಲೆ ಬೀಳುತ್ತೇವೆ. ಇಷ್ಟೆಲ್ಲ ಯೋಚಿಸಿದೆನೋ, ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕೊಳವೆಯ ಬಾಯಿಗೆ ಬೀಸಿ ಎಸೆದೆ.

ಬಟ್ಟೆ ಬಾಯಿ ಮುಚ್ಚಿತು. ಆದರೆ ಕತ್ತು ತಿರುಗುತ್ತಲೇ ಇತ್ತು. ಬಟ್ಟೆಯ ಚುಂಗು ಹಲ್ಲುಚಕ್ರಕ್ಕೆ ಸಿಕ್ಕಿತು, ಕೊಕ್ಕರೆ ಒಂದು ಕಾಲೆತ್ತಿ ವಾಲಿತು. ಗುಂಡಿನ ಸರಳು ನನ್ನ ಹೆಗಲಿಗೆ ಬಡಿಯಿತು. ನಾವು ಮೂವರೂ, ನೀವು, ನಾನು, ಅದು, ಒಟ್ಟಿಗೇ ನೆಲಕ್ಕೆ ಬಿದ್ದೆವು. ನೀವು ಎದ್ದು ಕೂತು ಮೊದಲು ಹೇಳಿದ ಮಾತು, "ಬಟ್ಟೆ ಯಾಕೆ ಎಸೆದೆ?" ಎರಡನೆಯದು, ತುಂಬ ಮೆಲ್ಲಗೆ, ನೀವು ಯಾವತ್ತೂ ಅಷ್ಟು ಮೆಲ್ಲಗೆ ಮಾತಾಡಿದವರಲ್ಲ: "ನಿನ್ನ ಮುಖದ ನಡುವೆ ಏನೋ ಇದೆಯಮ್ಮ. ಹಸಿರಾಗಿ."

ಕಣ್ಣಿನ ಡಾಕ್ಟರಮ್ಮನ ಕೋಣೆಯಲ್ಲಿ ನಿಮ್ಮ ಗಲ್ಲವನ್ನು ಆ ಯಂತ್ರದ ಮೇಲಿಟ್ಟು ಕೂರಿಸಿದ್ದು, ಆಕೆ ದೀಪ ಬಿಟ್ಟು ನೋಡಿ ಮತ್ತೆ ನೋಡಿದ್ದು, ನನ್ನ ಹೆಗಲು ಊದಿದ್ದು ಗೊತ್ತಾಗದೆ ನಾನು ಗೋಡೆಗೆ ಒರಗಿ ನಿಂತಿದ್ದು, ಇವೆಲ್ಲ ನಿಮಗೂ ನೆನಪಿರಬಹುದು. "ಅಂಚಲ್ಲಿ ತಾಗಿದೆ. ಪೂರ್ತಿ ಬಿದ್ದಿದ್ರೆ ನನ್ನ ಹತ್ತಿರ ಬಂದು ಉಪಯೋಗ ಇರ್ಲಿಲ್ಲ. ಈಗ ಎಷ್ಟು ವಾಪಸ್ ಬರುತ್ತೋ ಕಾದು ನೋಡೋಣ" ಎಂದರು ಆಕೆ. ಆ ಮಾತನ್ನು ನಾನು ನಿಮಗೆ ತಲುಪಿಸಲಿಲ್ಲ. ತಲುಪಿಸುವ ದಾರಿಯೇ ಇರಲಿಲ್ಲ. ಪಾಪೆ ಅಗಲಿಸುವ ಹನಿ ಹಾಕಿದ್ದರಿಂದ ನಿಮಗೆ ಯಾರ ತುಟಿಯೂ ಕಾಣುತ್ತಿರಲಿಲ್ಲ.

ನನ್ನ ಭಯ ಹುಟ್ಟಿದ್ದು ಮಹಡಿಯ ಮೇಲಲ್ಲ ಮಾವ. ಅದು ಹುಟ್ಟಿದ್ದು ಮನೆಗೆ ಬರುವ ದಾರಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ. ನೀವು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಎದುರು ಸೀಟಿನ ಬೆನ್ನನ್ನು ನೋಡುತ್ತಾ ಕೂತಿದ್ದಿರಿ. ಜನ ಹತ್ತಿದರು, ಇಳಿದರು, ಯಾರೋ ನಿಮ್ಮನ್ನು ಸರಿಯಲು ಕೇಳಿ ಬೈದುಕೊಂಡು ಹೋದರು. ನಿಮಗೆ ಅದೊಂದೂ ಇರಲಿಲ್ಲ. ಪಕ್ಕದಲ್ಲೇ ಕೂತ ನಾನೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೀವು ಯಾರ ಕಡೆಗೂ ತಿರುಗದೆ ಕೇಳಿದಿರಿ, "ಇದ್ದೀಯೇನಮ್ಮ?"

ಇದ್ದೀನಿ ಮಾವ ಎಂದೆ. ಮತ್ತೆ ಕೇಳಿದಿರಿ, "ಇದ್ದೀಯಾ?" ಆಗ ನಿಮ್ಮ ಅಂಗೈ ಎಳೆದುಕೊಂಡು ಬೆರಳಲ್ಲಿ ಬರೆದೆ. ಮೊದಲ ಸಲ ನಿಮಗೆ ಅರ್ಥವಾಗಲಿಲ್ಲ. ಒಂದೊಂದೇ ಅಕ್ಷರ, ದೊಡ್ಡದಾಗಿ, ತಡೆದು ತಡೆದು ಬರೆದೆ. ಇ, ದ್ದೀ, ನಿ. ನೀವು ತಲೆಯಾಡಿಸಿ ನನ್ನ ಬೆರಳನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಿರಿ, ನಮ್ಮ ನಿಲ್ದಾಣ ಬರುವವರೆಗೂ ಬಿಡಲಿಲ್ಲ. ಕಿವಿಯಿಲ್ಲದವರು ಕಣ್ಣನ್ನೂ ಕಳೆದುಕೊಂಡರೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ನಾನು ಅವತ್ತು ನೋಡಿದೆ. ಅಲ್ಲಿಗೆ ನಾವು ಯಾರೂ ಹೋಗಲಾರೆವು. ಹೊರಗೆ ನಿಂತು ಬಾಗಿಲು ತಟ್ಟಬಹುದು, ಅಷ್ಟೇ.

ಕಣ್ಣು ಬಹುಮಟ್ಟಿಗೆ ವಾಪಸ್ಸು ಬಂತು. ಹಸಿರು ಬೂದಿಯಾಯಿತು, ಬೂದಿ ಸಾಸಿವೆಯಷ್ಟಾಯಿತು. ಆ ಸಾಸಿವೆ ಇನ್ನು ಹೋಗುವುದಿಲ್ಲವಂತೆ. ನೇರ ನೋಡಿದರೆ ಅದು ಅಡ್ಡ ಬರುವುದರಿಂದ, ನನ್ನ ತುಟಿ ಓದಲು ನೀವು ಈಗ ನನ್ನ ಕಿವಿಯ ಕಡೆ ನೋಡುತ್ತೀರಿ. ಬಂದವರು ನಿಮ್ಮ ನೋಟ ಹಿಡಿದು ತಮ್ಮ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಾರೆ. ನೀವು ನಗುತ್ತೀರಿ. ನನಗೆ ಇನ್ನೂ ನಗು ಬರುವುದಿಲ್ಲ.

ನಿಮ್ಮ ಮಗ "ಗುಜರಿಗೆ ಹಾಕ್ತೀನಿ, ಪೀಡೆ ತೊಲಗಲಿ" ಎಂದಾಗ ನಾನು ಒಳಗೊಳಗೇ ಹೂಂ ಎನ್ನುತ್ತಿದ್ದೆ. ಇವತ್ತು ನೀವಿಬ್ಬರೂ ಡಾಕ್ಟರಮ್ಮನ ಹತ್ತಿರ ಹೋದಾಗ ಗುಜರಿಯವನ ಕೂಗು ಬೀದಿಯಲ್ಲಿ ಕೇಳಿತು. ಕಿಟಕಿಯಿಂದ ಅವನನ್ನು ನಿಲ್ಲಿಸಿದೆ. ನಿಮ್ಮ ಕೋಣೆಗೆ ಹೋಗಿ ಕೊಕ್ಕರೆಯ ಹೊದಿಕೆ ತೆಗೆದೆ.

ಕೊಳವೆಯ ಬಾಯಿಗೆ ನೀವು ಸ್ಪ್ರಿಂಗಿನ ತಗಡು ಮುಚ್ಚಳ ಕೂರಿಸಿದ್ದೀರಿ. ಅದರಿಂದ ಒಂದು ದಾರ. ಗಿರಣಿಯಲ್ಲಿ ನೂಲು ಹರಿದರೆ ಮಗ್ಗ ತಾನಾಗಿ ನಿಲ್ಲುತ್ತದೆ ಎಂದು ಹೇಳುತ್ತಿದ್ದಿರಲ್ಲ, ಅದೇ ಕೈಚಳಕ. ದಾರ ಎಳೆದೆ. ಮುಚ್ಚಳ ಟಪ್ಪೆಂದು ಮುಚ್ಚಿತು, ಮೋಟಾರಿನ ಸ್ವಿಚ್ಚೂ ಜೊತೆಗೇ ಆಫ್ ಆಯಿತು. ಪ್ಲಗ್ಗಿನ ಬದಲು ಬ್ಯಾಟರಿ ಕಟ್ಟಿದ್ದೀರಿ. ದಾರ ಉದ್ದವಾಗಿತ್ತು, ಸುರುಳಿ ಸುತ್ತಿಟ್ಟಿದ್ದಿರಿ. ಬಿಚ್ಚುತ್ತಾ ಹೋದೆ. ಕೋಣೆ ದಾಟಿತು, ನಡುಮನೆ ದಾಟಿತು, ಬಾಗಿಲವರೆಗೂ ಬಂತು. ಬಟ್ಟೆ ಒಣಗಿಸುವ ತಂತಿಯವರೆಗೆ ಮುಟ್ಟಲೆಂದು ಅಳೆದು ಮಾಡಿದ ದಾರ ಅದು. ತುದಿಯಲ್ಲಿ ಹಿಡಿಯಲು ಗುಬ್ಬಿ, ಮರದ ದುಂಡು ಹಿಡಿ, ನನ್ನ ಕೈಗೆ ಸರಿಯಾಗುವಷ್ಟು ಸಣ್ಣದು.

ಗುಜರಿಯವನು ಕೆಳಗಿನಿಂದ "ಏನಮ್ಮಾ, ಇದೆಯೋ ಇಲ್ವೋ?" ಎಂದು ಕೂಗಿದ. ಇಲ್ಲಪ್ಪ, ಹೋಗು ಎಂದೆ.

ಆ ಗುಬ್ಬಿ ಹಿಡಿದಾಗ ನನ್ನ ಭಯ ಕಡಿಮೆಯಾಯಿತು ಎಂದು ನೀವು ಅಂದುಕೊಳ್ಳಬೇಡಿ. ಜಾಸ್ತಿಯಾಯಿತು. ದಾರದ ತುದಿ ನನ್ನ ಕೈಯಲ್ಲಿ ಎಂದರೆ ನಿಮ್ಮ ಕಣ್ಣೂ ನನ್ನ ಕೈಯಲ್ಲಿ. ನಾನು ಒಂದು ಗಳಿಗೆ ಮೈಮರೆತರೆ? ಸೀನು ಬಂದರೆ? ತಗಡು ತುಕ್ಕು ಹಿಡಿದು ಕಚ್ಚಿಕೊಂಡರೆ? ಹಾಗಾಗಿ ನಿನ್ನೆಯ ಪ್ರಶ್ನೆಗೆ ನನ್ನ ಉತ್ತರ ಇದು. ಹಗಲಿಗೆ ನಾನಿಲ್ಲ, ಮಾವ. ಎಷ್ಟು ದಾರ ಕಟ್ಟಿದರೂ ಇಲ್ಲ, ಎಷ್ಟು ನೆರಳಿದ್ದರೂ ಇಲ್ಲ. ನೀವು ಒಬ್ಬರೇ ಹೋದರೆ ಮೆಟ್ಟಿಲಿಗೆ ಅಡ್ಡ ಕೂರುತ್ತೇನೆ. ನನ್ನನ್ನು ದಾಟಿ ಹೋಗುವವರು ನೀವಲ್ಲ ಎಂದು ಗೊತ್ತು.

ಸೂರ್ಯ ಪೂರ್ತಿ ಮುಳುಗಲಿ. ಎದುರು ಮನೆಯ ಗಾಜಿನಲ್ಲೂ ಅವನ ಬೆಳಕು ಇಲ್ಲದಿರಲಿ. ಆಗ ಗುಂಡು ನಾನು ಹೊರುತ್ತೇನೆ, ಕೊಳವೆ ನೀವು ಹೊರಿ. ಇನ್ನೊಂದು ಮಾತು. ಇಷ್ಟು ದಿನವೂ ನಾನು ಆ ಕೊಳವೆಗೆ ಕಣ್ಣಿಟ್ಟವಳಲ್ಲ. ನೀವು ಕರೆದಾಗಲೆಲ್ಲ ಒಲೆಯ ಮೇಲೆ ಏನೋ ಇದೆ ಎಂದು ಜಾರಿಕೊಂಡಿದ್ದೇನೆ. ಇನ್ನು ಮೇಲೆ ಅದು ತಿರುಗಿ ನಿಂತ ಪ್ರತಿ ಸಲವೂ ಮೊದಲು ನಾನು ನೋಡುತ್ತೇನೆ. ನನಗೆ ಎರಡು ಕಣ್ಣಿವೆ. ಅಲ್ಲಿರುವುದು ಚಂದ್ರನೇ, ಬೇರೇನೂ ಅಲ್ಲ ಎಂದು ನನ್ನ ಕಣ್ಣಲ್ಲಿ ನೋಡಿ ಪಕ್ಕಕ್ಕೆ ಸರಿಯುತ್ತೇನೆ. ಆಮೇಲೆ ನೀವು ಬನ್ನಿ. ಇದಕ್ಕೆ ನೀವು ರೇಗುತ್ತೀರಿ. ರೇಗಿ, ನಾನು ಕದಲುವುದಿಲ್ಲ.

ನಿಮ್ಮ ಕಣ್ಣು ತಣ್ಣಗಿರಲಿ. ಚಿಕ್ಕವಳಾಗಿ ದೊಡ್ಡವರನ್ನು ಹರಸುವುದು ತಪ್ಪಾದರೆ ಮನ್ನಿಸಿ.

ಪಕ್ಕದ ಕೋಣೆಯಿಂದ,
ಹೆದರಿಕೊಂಡೇ ನಿಮ್ಮ ಜೊತೆ ಮೆಟ್ಟಿಲು ಹತ್ತುವ
ನಿಮ್ಮ ಸೊಸೆ