ಸೊನ್ನೆ ಗಾಯಗಳ ಶಿಬಿರ

ಬೇಸಿಗೆ ಶಿಬಿರಗಳಿಗೆ ಮಾನ್ಯತೆ ದಯಪಾಲಿಸುವ ಮಾನ್ಯರೇ,

ಮಕ್ಕಳ ಗಾಯಗಳನ್ನು ಬರೆದಿಟ್ಟ ತಪ್ಪಿಗೆ ತಾವು ಒಂದು ಶಿಬಿರದ ಮಾನ್ಯತೆ ರದ್ದು ಮಾಡಿದಿರಿ. ಏನನ್ನೂ ಬರೆಯದ ಪುಣ್ಯಕ್ಕೆ ಪಕ್ಕದ ಶಿಬಿರಕ್ಕೆ ಪ್ರಥಮ ದರ್ಜೆ ಕೊಟ್ಟಿರಿ. ಮೊದಲನೆಯದರಲ್ಲಿ ನಾನು ಹದಿನಾಲ್ಕು ಬೇಸಿಗೆ ನರ್ಸ್ ಆಗಿದ್ದೆ. ಎರಡನೆಯದಕ್ಕೆ ನನ್ನ ಮಗಳನ್ನು ಸೇರಿಸಿದೆ. ಹೀಗಾಗಿ ತಮ್ಮ ಕಚೇರಿಯ ಕೆಲಸವನ್ನು ಎರಡೂ ಕಡೆಯಿಂದ ನೋಡುವ ಭಾಗ್ಯ ನನ್ನದಾಯಿತು.

ನಮ್ಮ ಔಷಧಿ ಕೋಣೆಯಲ್ಲಿ ಇದ್ದದ್ದು ಒಂದು ಮಂಚ, ಒಂದು ಕಪಾಟು, ಮೇಜಿನ ಮೇಲೆ ದಪ್ಪ ರಟ್ಟಿನ ಗಾಯದ ಪುಸ್ತಕ. ಮಗು ಬಂದರೆ ಮೊದಲು ಗಾಯ ತೊಳೆಯುವುದು, ಆಮೇಲೆ ಬರೆಯುವುದು. ತರಚಿದ ಮೊಣಕಾಲು, ಜೇನುನೊಣ ಕಚ್ಚಿದ ಕಿವಿ, ಮನೆ ನೆನಪಾಗಿ ಬಂದ ಹೊಟ್ಟೆನೋವು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದೇ ವಾರ ಮೂವರು ಒಂದೇ ಮೆಟ್ಟಿಲಲ್ಲಿ ಜಾರಿದ್ದು ಆ ಪುಸ್ತಕದಿಂದಲೇ ಗೊತ್ತಾಯಿತು. ಮರುದಿನವೇ ಮೇಸ್ತ್ರಿಯನ್ನು ಕರೆಸಿ ಮೆಟ್ಟಿಲನ್ನು ಒಡೆಸಿ ಕಟ್ಟಿಸಿದೆವು. ಹೋದ ವರ್ಷ ಒಟ್ಟು ನಲವತ್ತೇಳು ನಮೂದುಗಳಾದವು.

ತಮ್ಮ ಪರಿವೀಕ್ಷಕರು ಶಿಬಿರ ಮುಗಿದು ಎರಡು ತಿಂಗಳಾದ ಮೇಲೆ ಬಂದರು. ಮಕ್ಕಳ ಸುರಕ್ಷತೆಯನ್ನು ಪರೀಕ್ಷಿಸುವಾಗ ಮಕ್ಕಳು ಅಡ್ಡ ಬರಬಾರದೆಂಬುದು ತಮ್ಮ ಪದ್ಧತಿ ಇರಬೇಕು. ನೀರಿಲ್ಲದ ಈಜುಕೊಳದ ಅಂಚಿನಲ್ಲಿ ನಿಂತು ‘ಮುಳುಗುವ ಅಪಾಯ ಕಂಡುಬಂದಿಲ್ಲ’ ಎಂದು ಬರೆದುಕೊಂಡರು. ನಂತರ ಗಾಯದ ಪುಸ್ತಕ ತೆರೆದು ಬೆರಳಿಟ್ಟು ಎಣಿಸಿದರು.

“ಇಷ್ಟೊಂದಾ ಸಿಸ್ಟರ್? ಪಕ್ಕದವರದ್ದು ಸೊನ್ನೆ ಇದೆ.”

“ಅವರು ಬರೆಯಲ್ಲ ಸರ್.”

“ಬರೀದೇ ಇರೋದನ್ನ ನಾನು ಹೇಗೆ ಲೆಕ್ಕಕ್ಕೆ ತಗೊಳ್ಲಿ? ಫಾರಂನಲ್ಲಿ ಒಂದು ಗಾಯಕ್ಕೆ ಒಂದು ಅಂಕ ಕಳೀಬೇಕು ಅಂತಿದೆ.”

ಕಳೆದರು. ನೂರಕ್ಕೆ ಐವತ್ಮೂರು ಉಳಿಯಿತು. ಮಾನ್ಯತೆಗೆ ಅರವತ್ತು ಬೇಕಿತ್ತು. ಶಿಬಿರದ ಗೇಟಿಗೆ ಬೀಗ ಬಿತ್ತು.

ಈ ಬೇಸಿಗೆ ನನ್ನ ಹತ್ತು ವರ್ಷದ ಮಗಳು ಈಜು ಕಲಿಯಬೇಕೆಂದು ಹಟ ಹಿಡಿದಳು. ತಮ್ಮ ಪ್ರಥಮ ದರ್ಜೆಯ ಪ್ರಮಾಣಪತ್ರ ಪಕ್ಕದ ಶಿಬಿರದ ಗೋಡೆಯ ಮೇಲೆ ಗಾಜಿನೊಳಗೆ ಹೊಳೆಯುತ್ತಿತ್ತು. ಅದು ಹೇಗೆ ಬಂತೆಂದು ಚೆನ್ನಾಗಿ ಗೊತ್ತಿದ್ದೂ ಆ ಮೊಹರು ನೋಡಿ ನಂಬಿದೆ. ಇದಕ್ಕೆ ತಮ್ಮನ್ನು ದೂರುವುದಿಲ್ಲ, ನನ್ನನ್ನೇ ದೂರಿಕೊಳ್ಳುತ್ತೇನೆ.

ನಮ್ಮಲ್ಲಿ ಪ್ರತಿ ಐದು ನಿಮಿಷಕ್ಕೆ ಸೀಟಿ ಊದುತ್ತಿದ್ದೆವು. ಪ್ರತಿ ಮಗುವೂ ತನ್ನ ಜೊತೆಗಾರರ ಕೈ ಹಿಡಿದು ಮೇಲೆತ್ತಬೇಕಿತ್ತು. ಅಲ್ಲಿಯ ಈಜು ಮೇಷ್ಟ್ರು ಕೊಳದ ಅಂಚಿನಲ್ಲಿ ಬಿಟ್ಟ ಚಪ್ಪಲಿಗಳನ್ನು ಎಣಿಸುತ್ತಿದ್ದರು. “ಚಪ್ಪಲಿ ಬಿಟ್ಟು ಮಕ್ಕಳು ಎಲ್ಲಿಗೆ ಹೋಗ್ತಾರೆ?” ಎಂದು ಆಮೇಲೆ ನನ್ನನ್ನೇ ಕೇಳಿದರು. ಅಂದು ಮೂವತ್ತೊಂದು ಮಕ್ಕಳು, ಮೂವತ್ತೊಂದು ಜೊತೆ ಚಪ್ಪಲಿ. ಲೆಕ್ಕ ಸರಿಯಾಗಿತ್ತು. ನನ್ನ ಮಗಳು ಮಾತ್ರ ಕೊಳದ ತಳದಲ್ಲಿದ್ದಳು. ಬಿದ್ದ ಕ್ಲಿಪ್ ಹುಡುಕಲು ಮುಳುಗಿದ ಇನ್ನೊಬ್ಬ ಹುಡುಗಿಯ ಕೈಗೆ ಇವಳ ತೋಳು ಸಿಕ್ಕಿತು. ಎಷ್ಟು ಹೊತ್ತು ನೀರಿನಡಿ ಇದ್ದಳೆಂದು ಇವತ್ತಿಗೂ ಯಾರೂ ಹೇಳಲಾರರು.

ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಈಗ ತಲೆಗೆ ನೀರು ಹಾಕಿದರೆ ಉಸಿರು ಬಿಗಿಹಿಡಿದು ನನ್ನ ಸೊಂಟವನ್ನು ಅಪ್ಪಿಕೊಳ್ಳುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ, ಮಾನ್ಯರೇ.

ಆಸ್ಪತ್ರೆಯಿಂದ ಬಂದ ಮರುದಿನ ಆ ಶಿಬಿರಕ್ಕೆ ಹೋಗಿ ಪುಸ್ತಕ ಕೇಳಿದೆ. ವ್ಯವಸ್ಥಾಪಕರು ಮರ್ಯಾದೆಯಿಂದಲೇ ಕುರ್ಚಿ ಕೊಟ್ಟು ತೋರಿಸಿದರು. ಹಾಳೆಗಳು ಬೆಳ್ಳಗಿದ್ದವು.

“ಇದನ್ನ ಬರೀರಿ,” ಅಂದೆ.

“ಮಗು ಹುಷಾರಾಗಿದೆಯಲ್ಲ ಅಕ್ಕ. ಇವತ್ತು ಒಂದು ಬರೆದ್ರೆ ನಾಳೆ ಎಲ್ಲಾನೂ ಬರೀಬೇಕಾಗುತ್ತೆ. ನೀವು ಬರೆದ್ರಿ. ಈಗ ಎಲ್ಲಿದೆ ನಿಮ್ಮ ಶಿಬಿರ?”

ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಪಾಠ ಕಲಿಸಿದವರು ತಾವು.

ತಮಗೆ ದೂರು ಕೊಟ್ಟೆ. ‘ಸದರಿ ಘಟನೆಯು ಶಿಬಿರದ ಪುಸ್ತಕದಲ್ಲಿ ನಮೂದಾಗಿರದ ಕಾರಣ ಪರಿಶೀಲನೆಗೆ ಅವಕಾಶವಿಲ್ಲ’ ಎಂಬ ಉತ್ತರ ಬಂತು. ಬರೆದರೆ ಮಾನ್ಯತೆ ಹೋಗುತ್ತದೆ, ಬರೆಯದಿದ್ದರೆ ಘಟನೆಯೇ ಹೋಗುತ್ತದೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ರೂಪಿಸಲು ಎಷ್ಟು ಸಭೆಗಳು ಬೇಕಾದವು?

ನಮ್ಮ ಮಾನ್ಯತೆ ಮರಳಿಸಿ ಎಂದು ಬೇಡಲು ಈ ಪತ್ರ ಬರೆಯುತ್ತಿಲ್ಲ. ಮುಂದಿನ ತಂಡ ಆ ಕೊಳಕ್ಕೆ ಇಳಿಯಲು ಹನ್ನೆರಡು ದಿನ ಉಳಿದಿದೆ. ಅಷ್ಟರೊಳಗೆ ಫಾರಂನಿಂದ ಆ ಕಾಲಂ ತೆಗೆಯಿರಿ. ಗಾಯ ಎಷ್ಟಾಯಿತು ಎನ್ನುವ ಬದಲು, ಆದ ಮೇಲೆ ಏನು ಮಾಡಿದಿರಿ ಎಂದು ಕೇಳಿ. ಮಕ್ಕಳು ನೀರಿನಲ್ಲಿರುವ ದಿನ ಪರಿವೀಕ್ಷಕರನ್ನು ಕಳಿಸಿ. ಅವರು ತಲೆಗಳನ್ನು ಎಣಿಸಲಿ.

ಮುಚ್ಚಿದ ನಮ್ಮ ಶಿಬಿರದ ಪುಸ್ತಕ ನನ್ನ ಬಳಿಯೇ ಇದೆ. ನಿನ್ನೆ ಅದರಲ್ಲಿ ಮಗಳ ಹೆಸರು, ದಿನಾಂಕ, ಆದದ್ದನ್ನೆಲ್ಲ ಬರೆದೆ. ಅದು ನಮ್ಮ ಶಿಬಿರದಲ್ಲಿ ಆದದ್ದಲ್ಲ, ನಿಜ. ಬೇರೆ ಯಾವ ಪುಸ್ತಕದಲ್ಲೂ ಅವಳಿಗೆ ಜಾಗ ಸಿಗಲಿಲ್ಲ. ಅಂಕ ಯಾರದ್ದು ಕಳೆಯಬೇಕೋ ತಾವೇ ತೀರ್ಮಾನಿಸಿ.

ಇಂತಿ,
ಐವತ್ಮೂರು ಅಂಕದ ನರ್ಸ್,
ನಲವತ್ತೆಂಟನೆಯ ನಮೂದಿನ ತಾಯಿ